ಸ್ಟೊಮಾಟಾ: ಎಲೆಯದ್ದೂ ಹೊಟ್ಟೆಯದ್ದೂ ಒಂದೇ ಪದವೇ? ಬರೆಯುವುದು, ಅಳೆಯುವುದು, ಎಣಿಸುವುದು ಹೇಗೆ?

ಕರಡುತಿದ್ದು (ಪ್ರಶ್ನೆ)

ಜೀವವಿಜ್ಞಾನದ ಪದಕೋಶವೊಂದಕ್ಕೆ ‘ಸ್ಟೊಮಾಟಾ’ ಎಂಬ ನಮೂದು ಬರೆಯಬೇಕಿದೆ. ಓದುವವರಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳೂ ಇದ್ದಾರೆ, ನರ್ಸಿಂಗ್ ಓದುವವರೂ ಇದ್ದಾರೆ.

ಸಸ್ಯಶಾಸ್ತ್ರದ ಪುಸ್ತಕಗಳು ಇದಕ್ಕೆ ಪತ್ರರಂಧ್ರ ಅನ್ನುತ್ತವೆ. ಶಸ್ತ್ರಚಿಕಿತ್ಸೆಯ ಬರಹಗಳಲ್ಲಿ ಸ್ಟೋಮಾ ಅಂದರೆ ಕರುಳನ್ನು ಹೊಟ್ಟೆಯ ಮೇಲೆ ತಂದು ಹೊಲಿದ ಜಾಗ. ಎರಡನ್ನೂ ಒಂದೇ ನಮೂದಿನಲ್ಲಿ ಕೊಡಬಹುದೇ, ಬೇರೆ ಬೇರೆ ಮಾಡಬೇಕೇ? ಏಕವಚನಕ್ಕೆ ಸ್ಟೋಮಾ, ಸ್ಟೋಮೇಟ್ ಎರಡೂ ಕಾಣುತ್ತವೆ, ಯಾವುದನ್ನು ಇಟ್ಟುಕೊಳ್ಳಲಿ? ‘ಸ್ಟೊಮಾಟಾಗಳು’ ಅಂತ ಬರೆದರೆ ಬಹುವಚನದ ಮೇಲೊಂದು ಬಹುವಚನ ಆಗುವುದಿಲ್ಲವೇ?

ಇದರ ಜತೆಗೆ ಅಳತೆಗಳೂ ತಾಳೆಯಾಗುತ್ತಿಲ್ಲ. ಒಂದೇ ಗಿಡಕ್ಕೆ ಪತ್ರರಂಧ್ರದ ಉದ್ದ ಒಂದು ಕಡೆ ಕೊಟ್ಟಿರುವುದಕ್ಕೂ ಇನ್ನೊಂದು ಕಡೆ ಕೊಟ್ಟಿರುವುದಕ್ಕೂ ಹತ್ತಿರ ಹತ್ತಿರ ದುಪ್ಪಟ್ಟು ವ್ಯತ್ಯಾಸ. ಯಾರದ್ದು ತಪ್ಪು? ‘ಚದರ ಮಿಲಿಮೀಟರಿಗೆ ಇಷ್ಟು’ ಎಂಬ ಲೆಕ್ಕ ಹೇಗೆ ಬರುತ್ತದೆ ಅಂತಲೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಕಾವಲುಕೋಶ

ಯಾರದ್ದೂ ತಪ್ಪಿರಲಿಕ್ಕಿಲ್ಲ. ಒಬ್ಬರು ತೂತನ್ನು ಮಾತ್ರ ಅಳೆದಿದ್ದಾರೆ, ಇನ್ನೊಬ್ಬರು ತೂತಿನ ಜತೆ ಅದರ ಎರಡು ತುಟಿಗಳನ್ನೂ ಸೇರಿಸಿ ಅಳೆದಿದ್ದಾರೆ. ನಿಮ್ಮ ನಮೂದು ಮೊದಲು ಬಿಡಿಸಬೇಕಾದ ಗಂಟು ಇದು. ಏಕವಚನ, ಬಹುವಚನದ ಚರ್ಚೆ ಆಮೇಲಿನದು.

ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೆ ಬಾಯಿ, ಸ್ಟೊಮಾಟಾ ಎಂದರೆ ಬಾಯಿಗಳು. ಬಾಯಿಯೊಳಗಿನ ಉರಿಯೂತಕ್ಕೆ ಸ್ಟೊಮಟೈಟಿಸ್ ಅನ್ನುವುದೂ ಇದೇ ಬೇರಿನಿಂದ. ಎಲೆಯದ್ದಾಗಲಿ ಹೊಟ್ಟೆಯದ್ದಾಗಲಿ ಪದ ಒಂದೇ, ಹಾಗಾಗಿ ಒಂದೇ ನಮೂದಿನಡಿ 1, 2 ಅಂತ ಎರಡು ಅರ್ಥ ಕೊಡಿ. ಸ್ಟೋಮೇಟ್ ಎಂಬುದು ಬಹುವಚನವನ್ನು ನೋಡಿ ಹಿಂದಕ್ಕೆ ಕಡಿದು ಮಾಡಿಕೊಂಡ ಏಕವಚನ. ಇಂಗ್ಲಿಷಿನ ಕೆಲವು ಸಸ್ಯಶಾಸ್ತ್ರ ಪುಸ್ತಕಗಳಲ್ಲಿ ಅದು ಇದೆ, ಕನ್ನಡಕ್ಕೆ ಹೊತ್ತು ತರುವ ಅಗತ್ಯ ಕಾಣುವುದಿಲ್ಲ.

‘ಸ್ಟೊಮಾಟಾಗಳು’ ಅಂದರೆ ಆಕಾಶವೇನೂ ಬೀಳದು. ‘ಬ್ಯಾಕ್ಟೀರಿಯಾಗಳು’ ಅಂತ ದಿನವೂ ಬರೆಯುತ್ತೇವಲ್ಲ. ಕೆಡುವುದು ‘ಒಂದು ಸ್ಟೊಮಾಟಾ’, ‘ಪ್ರತಿಯೊಂದು ಸ್ಟೊಮಾಟಾ’ ಅಂತ ಬರೆದಾಗ. ಸ್ಟೋಮಾ, ಸ್ಟೋಮಾಗಳು ಎಂದು ಕನ್ನಡದ ಪ್ರತ್ಯಯ ಹಚ್ಚಿಕೊಂಡು ಹೋಗಿ, ಸ್ಟೊಮಾಟಾ ಎಂಬುದನ್ನು ‘ನೋಡಿ: ಸ್ಟೋಮಾ’ ಅಂತ ದಾಟಿಸಿಬಿಡಿ.

ಈಗ ಅಳತೆ. ಎಲೆಯ ಹೊರಪದರದಲ್ಲಿ ಎರಡು ಕಾವಲು ಕೋಶಗಳು ಎದುರುಬದುರಾಗಿ ಕೂತಿರುತ್ತವೆ, ನಡುವೆ ಸೀಳು. ‘ರಂಧ್ರ’ ಎಂಬ ಪದ ಆ ಸೀಳನ್ನಷ್ಟೇ ಹೇಳುತ್ತದೆ. ಆದರೆ ಸಸ್ಯದ ಅಂಗರಚನೆಯಲ್ಲಿ ಹೆಚ್ಚಿನವರು ಸ್ಟೋಮಾ ಅನ್ನುವುದು ಸೀಳು ಮತ್ತು ಎರಡು ಕಾವಲು ಕೋಶಗಳನ್ನು ಕೂಡಿಸಿ. ಸುತ್ತಲಿನ ಕೋಶಗಳು ಉಳಿದ ಹೊರಪದರದ ಕೋಶಗಳಿಗಿಂತ ಬೇರೆ ಆಕಾರದಲ್ಲಿದ್ದರೆ ಅವು ಸಹಾಯಕ ಕೋಶಗಳು. ಅವನ್ನೂ ಸೇರಿಸಿದರೆ ಪತ್ರರಂಧ್ರ ಸಂಕೀರ್ಣ. ಮೂರಕ್ಕೂ ಉದ್ದ ಬೇರೆ ಬೇರೆ. ಹಾಗಾಗಿ ‘ಪತ್ರರಂಧ್ರದ ಉದ್ದ’ ಅಂತ ಬರೆದು ಸುಮ್ಮನಾಗಬಾರದು. ‘ಸೀಳಿನ ಉದ್ದ’ ಅಥವಾ ‘ಕಾವಲು ಕೋಶದ ಉದ್ದ’ ಅಂತಲೇ ಬರೆಯಬೇಕು.

ಹೋಲಿಕೆಗೆ ಕಾವಲು ಕೋಶದ ಉದ್ದವೇ ವಾಸಿ. ಬಾಯಿ ತೆರೆದರೂ ಮುಚ್ಚಿದರೂ ಅದು ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಸೀಳಿನ ಅಗಲ. ವರ್ಣತಂತುಗಳ ಪೂರ್ತಿ ಕಂತೆಗಳೇ ಹೆಚ್ಚಿದ (ಪಾಲಿಪ್ಲಾಯ್ಡ್) ತಳಿಗಳಲ್ಲಿ ಕಾವಲು ಕೋಶ ದೊಡ್ಡದಾಗುತ್ತದೆ, ಚದರ ಮಿಲಿಮೀಟರಿಗೆ ಸ್ಟೋಮಾಗಳ ಸಂಖ್ಯೆ ಇಳಿಯುತ್ತದೆ. ತಳಿ ಅಭಿವೃದ್ಧಿಯವರು ಮೊದಲ ಜರಡಿಗೆ ಇದನ್ನೇ ಬಳಸುತ್ತಾರೆ.

ತೆರೆಯುವ ಬಗೆಯನ್ನೂ ಎರಡು ಸಾಲಿನಲ್ಲಿ ಸೇರಿಸಿ. ಬೆಳಕು ಬಿದ್ದಾಗ ಕಾವಲು ಕೋಶ ಪ್ರೋಟಾನುಗಳನ್ನು ಹೊರಕ್ಕೆ ದೂಡುತ್ತದೆ, ಪೊಟ್ಯಾಸಿಯಂ ಒಳಬರುತ್ತದೆ, ಅದರ ಹಿಂದೆಯೇ ನೀರು ನುಗ್ಗಿ ಕೋಶ ಉಬ್ಬುತ್ತದೆ. ಸೀಳಿನ ಕಡೆಯ ಗೋಡೆ ದಪ್ಪ. ಜತೆಗೆ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಕೋಶಕ್ಕೆ ಅಡ್ಡಲಾಗಿ ಸುತ್ತಿಕೊಂಡಿರುತ್ತವೆ. ಅಗಲಕ್ಕೆ ಉಬ್ಬಲು ಎಡೆಯಿಲ್ಲದೆ ಕೋಶ ಹೊರಕ್ಕೆ ಬಾಗುತ್ತದೆ, ಸೀಳು ಅಗಲವಾಗುತ್ತದೆ. ನೀರಿನ ಕೊರತೆಯಾದಾಗ ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು ಪೊಟ್ಯಾಸಿಯಂ ಅನ್ನು ಹೊರಗೆ ಬಿಡಿಸುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ. ಪಿಷ್ಟ ಸಕ್ಕರೆಯಾಗುವುದೊಂದೇ ಕಾರಣ ಎಂಬ ಹಳೆಯ ವಿವರಣೆ ಈಗ ನಿಲ್ಲುವುದಿಲ್ಲ, ಅದನ್ನು ನಕಲು ಮಾಡಬೇಡಿ. ದ್ವಿದಳಗಳಲ್ಲಿ ಕಾವಲು ಕೋಶ ಮೂತ್ರಪಿಂಡದ ಆಕಾರ, ಹುಲ್ಲಿನ ಕುಟುಂಬದಲ್ಲಿ ಡಂಬೆಲ್ ಆಕಾರ.

ಎಣಿಕೆಯ ವಿಷಯ ಬೇರೆಯವರು ಹೇಳಲಿ, ಅದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ನಲವತ್ತರ_ಲೆನ್ಸ್

ಎಣಿಕೆಗೆ ಹೊರಪದರದ ಅಚ್ಚು ಸಾಕು, ಎಲೆ ಕೊಯ್ಯಲೂ ಬೇಕಿಲ್ಲ. ಬಣ್ಣವಿಲ್ಲದ ನೇಲ್ ಪಾಲಿಶ್ ತೆಗೆದುಕೊಳ್ಳಿ. ಎಲೆಯ ಕೆಳಮೈಯನ್ನು ಒಣ ಹತ್ತಿಯಿಂದ ಒರೆಸಿ, ನಡುನರ ಮತ್ತು ಅಂಚು ಎರಡನ್ನೂ ಬಿಟ್ಟು ಮಧ್ಯದಲ್ಲಿ ಸುಮಾರು 1 ಚದರ ಸೆಂಟಿಮೀಟರ್ ಜಾಗಕ್ಕೆ ಒಂದೇ ತೆಳು ಪದರ ಬಳಿಯಿರಿ. 10 ನಿಮಿಷ ಬಿಡಿ. ಪಾರದರ್ಶಕ ಸೆಲ್ಲೋಟೇಪನ್ನು ಅದರ ಮೇಲೆ ಒತ್ತಿ, ಒಂದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ, ಹಾಗೇ ಸ್ಲೈಡಿಗೆ ಅಂಟಿಸಿ. ನೀರು, ಕವರ್‌ಸ್ಲಿಪ್ ಯಾವುದೂ ಬೇಡ. ಸೂಕ್ಷ್ಮದರ್ಶಕದ 10ರ ಆಬ್ಜೆಕ್ಟಿವ್‌ನಲ್ಲಿ ಚೊಕ್ಕ ಜಾಗ ಹುಡುಕಿ 40ಕ್ಕೆ ಹೋಗಿ. ಬೆಳಕನ್ನು ಹದ ಮಾಡುವ ಐರಿಸ್ ಡಯಾಫ್ರಂ ಕಿರಿದು ಮಾಡದಿದ್ದರೆ ಏನೂ ಕಾಣುವುದಿಲ್ಲ. ಅಚ್ಚಿಗೆ ಬಣ್ಣವಿರುವುದಿಲ್ಲ, ಗೆರೆಗಳು ಮಾತ್ರ. ಬೆಳಕು ಜಾಸ್ತಿಯಾದರೆ ಅವು ತೊಳೆದು ಹೋಗುತ್ತವೆ.

ಕೆಡುವುದು ಎಲ್ಲೆಲ್ಲಿ ಅಂದರೆ: ಪಾಲಿಶ್ ದಪ್ಪವಾದರೆ ಒಳಗೆ ಗುಳ್ಳೆ ಬರುತ್ತವೆ, ಹೊಸಬರು ಗುಳ್ಳೆಯನ್ನೇ ಸ್ಟೋಮಾ ಅಂತ ಎಣಿಸುತ್ತಾರೆ. ಅರ್ಧ ಒಣಗಿದಾಗ ಎಬ್ಬಿಸಿದರೆ ಅಚ್ಚು ಎಳೆದುಕೊಂಡು ಉದ್ದವಾಗುತ್ತದೆ; ಎಣಿಕೆಯೂ ಕೆಡುತ್ತದೆ, ಅಳತೆಯೂ ಕೆಡುತ್ತದೆ. ರೋಮ ದಟ್ಟವಾಗಿರುವ ಎಲೆಯಲ್ಲಿ ಪಾಲಿಶ್ ಮೈಮುಟ್ಟುವುದೇ ಇಲ್ಲ. ಮೊದಲು ಟೇಪಿನಿಂದ ಒಂದೆರಡು ಸಲ ರೋಮ ಎಳೆದು ನೋಡಿ, ಆಗದಿದ್ದರೆ ಆ ಎಲೆಯನ್ನು ಬಿಟ್ಟುಬಿಡಿ. ಇನ್ನು, ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಅಚ್ಚಿನಿಂದ ಅಳೆಯಲೇಬೇಡಿ. ಸೀಳಿನ ಮೇಲ್ಗಡೆ ಹೊರಪೊರೆಯ ಅಂಚು ಚಾಚಿಕೊಂಡಿರುತ್ತದೆ. ಅಚ್ಚಿನಲ್ಲಿ ಬೀಳುವುದು ಆ ಅಂಚಿನ ತೆರಪು, ಕೆಳಗೆ ಸೀಳು ಪೂರ್ತಿ ಮುಚ್ಚಿದ್ದರೂ ಅದು ತೆರೆದ ಹಾಗೆ ಕಾಣುತ್ತದೆ.

ಈಗ ಲೆಕ್ಕ. ಐಪೀಸಿನ ಮೇಲೆ ಫೀಲ್ಡ್ ನಂಬರ್ ಬರೆದಿರುತ್ತದೆ, 18 ಅಂತಿಟ್ಟುಕೊಳ್ಳಿ. ಅದನ್ನು ಆಬ್ಜೆಕ್ಟಿವ್‌ನ ಸಂಖ್ಯೆಯಿಂದ ಭಾಗಿಸಿ: 18 ÷ 40 = 0.45 ಮಿಮೀ. ಇದು ಕಾಣುವ ವೃತ್ತದ ವ್ಯಾಸ. ತ್ರಿಜ್ಯ 0.225, ವಿಸ್ತೀರ್ಣ 3.14 × 0.225 × 0.225 = 0.159 ಚದರ ಮಿಮೀ. ಹತ್ತು ಬೇರೆ ಬೇರೆ ಜಾಗದಲ್ಲಿ ಎಣಿಸಿದ ಸರಾಸರಿ 24 ಬಂದರೆ, 24 ÷ 0.159, ಅಂದರೆ ಚದರ ಮಿಲಿಮೀಟರಿಗೆ ಸುಮಾರು 151. ಉತ್ತರ 15,000ದ ಆಸುಪಾಸು ಬಂತೋ, ಯಾರೋ 40ರ ಬದಲು ಒಟ್ಟು ವರ್ಧನೆ 400ರಿಂದ ಭಾಗಿಸಿದ್ದಾರೆ ಅಂತಲೇ ಅರ್ಥ. ವ್ಯಾಸ ಹತ್ತು ಪಟ್ಟು ಕಿರಿದಾದರೆ ಸಾಂದ್ರತೆ ನೂರು ಪಟ್ಟು ಏರುತ್ತದೆ.

ವೃತ್ತದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದವನ್ನು ಏನು ಮಾಡುವುದು? ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಎಣಿಸಿ, ಇಲ್ಲದಿದ್ದರೆ ಬಿಡಿ. ಫೋಟೋದ ಮೇಲೆ ಚೌಕ ಹಾಕಿ ಎಣಿಸುವುದಾದರೆ ಮೇಲಿನ ಮತ್ತು ಎಡಗಡೆಯ ಗೆರೆಗೆ ತಾಗಿದವು ಒಳಗೆ, ಕೆಳಗಿನ ಮತ್ತು ಬಲಗಡೆಯ ಗೆರೆಗೆ ತಾಗಿದವು ಹೊರಗೆ. ನಿಯಮ ಯಾವುದಾದರೂ ಸರಿ, ನಡುವೆ ಬದಲಾಯಿಸಬಾರದು. ಹುಲ್ಲಿನ ಜಾತಿಗಳಲ್ಲಿ ಸ್ಟೋಮಾಗಳು ಸಾಲುಸಾಲಾಗಿರುವುದರಿಂದ ಒಂದು ಜಾಗದಲ್ಲಿ ಎರಡು ಸಾಲು ಬೀಳಬಹುದು, ಪಕ್ಕದಲ್ಲೇ ಒಂದೂ ಇಲ್ಲದಿರಬಹುದು. ಅಲ್ಲಿ ಹತ್ತು ಜಾಗ ಸಾಲದು.

ಸಾಂದ್ರತೆಯ ದೊಡ್ಡ ದೋಷವೆಂದರೆ ಅದು ಎಲೆ ಎಷ್ಟು ಹಿಗ್ಗಿದೆ ಎಂಬುದರ ಮೇಲೆ ನಿಂತಿದೆ. ನೀರು ಸಾಲದೆ ಸಣ್ಣಗುಳಿದ ಎಲೆಯಲ್ಲಿ ಹೊರಪದರದ ಕೋಶಗಳು ಚಿಕ್ಕವಾಗಿ ಸ್ಟೋಮಾಗಳು ಒತ್ತೊತ್ತಾಗುತ್ತವೆ, ಸಂಖ್ಯೆ ತಾನಾಗಿ ಏರುತ್ತದೆ. ಇದನ್ನು ಸರಿದೂಗಿಸಲು 1927ರಲ್ಲಿ ಸಸ್ಯವಿಜ್ಞಾನಿ ಸಾಲಿಸ್‌ಬರಿ ಪತ್ರರಂಧ್ರ ಸೂಚ್ಯಂಕವನ್ನು ತಂದರು. ಸ್ಟೋಮಾಗಳ ಸಂಖ್ಯೆಯನ್ನು, ಸ್ಟೋಮಾ ಮತ್ತು ಹೊರಪದರದ ಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. 24 ಸ್ಟೋಮಾ, 126 ಕೋಶ ಇದ್ದರೆ 24 ÷ 150 × 100 = 16. ಇಲ್ಲಿ ಎರಡು ಕಾವಲು ಕೋಶ ಸೇರಿ ಒಂದು; ಸಹಾಯಕ ಕೋಶಗಳು ಹೊರಪದರದ ಕೋಶಗಳ ಲೆಕ್ಕಕ್ಕೆ ಹೋಗುತ್ತವೆ. ಕಾವಲು ಕೋಶಗಳನ್ನು ಎರಡಾಗಿ ಎಣಿಸಿ 27.6 ತಂದವರೂ ಸಿಗುತ್ತಾರೆ. ‘ರಂಧ್ರ’ ಅಂದರೆ ಯಾವುದು ಅಂತ ಮೊದಲೇ ಹೇಳದಿದ್ದರೆ ಹೀಗೇ ಆಗುವುದು.

ಈ ಎಣಿಕೆ ಪ್ರಯೋಗಾಲಯದ ಪಾಠಕ್ಕಷ್ಟೇ ಅಲ್ಲ. 1987ರಲ್ಲಿ ಸಸ್ಯವಿಜ್ಞಾನಿ ವುಡ್‌ವರ್ಡ್ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಎಲೆಗಳನ್ನು ಎಣಿಸಿ, ಸುಮಾರು 200 ವರ್ಷಗಳಲ್ಲಿ ಸಾಂದ್ರತೆ ಶೇ. 40ರಷ್ಟು ಇಳಿದಿದೆ ಅಂತ ತೋರಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ ಅದನ್ನು ಜೋಡಿಸಿದರು. ಪಳೆಯುಳಿಕೆ ಎಲೆಗಳಿಂದ ಹಿಂದಿನ ಕಾಲದ ಗಾಳಿಯನ್ನು ಅಂದಾಜು ಮಾಡುವ ಕೆಲಸ ಇದೇ ಜಾಡಿನದು.

ಚರ್ಮದಂಚು

ನರ್ಸಿಂಗ್ ವಿದ್ಯಾರ್ಥಿಗಳು ಓದುತ್ತಾರೆ ಅಂದಿರಿ, ಹಾಗಾಗಿ ಎರಡನೇ ಅರ್ಥವನ್ನು ಒಂದು ಸಾಲಿಗೆ ಮುಗಿಸಬೇಡಿ. ಮೇಲಿನವರು ಹೇಳಿದ ಗೊಂದಲ ಇಲ್ಲೂ ಇದೆ, ಇಲ್ಲಿ ಅದು ರೋಗಿಯ ಚರ್ಮಕ್ಕೇ ತಟ್ಟುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಸ್ಟೋಮಾ ಅಂದರೆ ಹೊಟ್ಟೆಯ ಗೋಡೆಯಲ್ಲಿ ಕೊರೆದ ತೂತಲ್ಲ. ಆ ತೂತಿನಿಂದ ಹೊರಗೆ ತಂದು, ತುದಿ ಮಡಚಿ, ಚರ್ಮಕ್ಕೆ ಹೊಲಿದ ಕರುಳಿನ ಭಾಗವೇ ಸ್ಟೋಮಾ. ಕಣ್ಣಿಗೆ ಕಾಣುವುದು ಕರುಳಿನ ಒಳಪದರ, ಅದಕ್ಕೇ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಶಸ್ತ್ರಕ್ರಿಯೆಯ ಹೆಸರಿನ ಕೊನೆಗೆ ‘ಸ್ಟಮಿ’ ಬರುತ್ತದೆ: ದೊಡ್ಡ ಕರುಳಿನದ್ದು ಕೊಲಾಸ್ಟಮಿ, ಸಣ್ಣ ಕರುಳಿನ ಕೊನೆಯ ಭಾಗದ್ದು ಇಲಿಯಾಸ್ಟಮಿ, ಮೂತ್ರಕ್ಕೆ ದಾರಿ ಮಾಡುವುದು ಯೂರಾಸ್ಟಮಿ. ‘ಸ್ಟಮಿ’ ಕ್ರಿಯೆ, ‘ಸ್ಟೋಮಾ’ ಅದರಿಂದ ಆದ ಅಂಗ. ವಾರ್ಡಿನಲ್ಲಿ ಕೊಲಾಸ್ಟಮಿ ಅನ್ನುವುದನ್ನು ಎರಡಕ್ಕೂ ಬಳಸುತ್ತಾರೆ ನಿಜ, ಪದಕೋಶದಲ್ಲಿ ಬಿಡಿಸಿ ಕೊಡಿ. ಎರಡು ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವ ಅನಾಸ್ಟೊಮೋಸಿಸ್ ಕೂಡ ಇದೇ ಬಳಗದ ಪದ.

ಬಹುವಚನ ಇಲ್ಲಿ ಸುಮ್ಮನೆ ಬರುವುದಲ್ಲ. ಲೂಪ್ ಸ್ಟೋಮಾದಲ್ಲಿ ಕರುಳಿನ ಮಡಿಕೆಯೊಂದನ್ನು ಹೊರಗೆಳೆದು ಮೇಲ್ಭಾಗವನ್ನಷ್ಟೇ ಸೀಳಿರುತ್ತಾರೆ. ಬಾಯಿ ಎರಡು, ಆದರೆ ಲೆಕ್ಕದಲ್ಲಿ ಸ್ಟೋಮಾ ಒಂದು. ಒಂದು ಬಾಯಿಯಿಂದ ಮಲ, ಇನ್ನೊಂದರಿಂದ ಲೋಳೆ. ಕರುಳನ್ನು ಪೂರ್ತಿ ಕತ್ತರಿಸಿ ಎರಡು ತುದಿಗಳನ್ನೂ ಬೇರೆ ಬೇರೆಯಾಗಿ ತಂದಿದ್ದರೆ ಮಾತ್ರ ಸ್ಟೋಮಾಗಳು ಎರಡು. ಕೇಸ್ ಶೀಟಿನಲ್ಲಿ ಇದು ತಪ್ಪಿದರೆ ಲೋಳೆ ಬರುವ ಬಾಯಿಗೆ ಮಲ ಯಾಕೆ ಬರುತ್ತಿಲ್ಲ ಅಂತ ಕಾಯುವ ಹಾಗಾಗುತ್ತದೆ.

ಅಳತೆ. ಸ್ಟೋಮಾದ ಅಗಲವನ್ನು ಅಳೆಯುವುದು ಬುಡದಲ್ಲಿ, ಚರ್ಮ ಸೇರುವ ಕಡೆ. ತುದಿಯ ತೂತನ್ನು ಅಳೆಯುವುದಲ್ಲ. ಚೀಲ ಕೂರುವ ಅಂಟುತಟ್ಟೆಗೆ, ಅಂದರೆ ಫ್ಲೇಂಜಿಗೆ, ಕತ್ತರಿಸುವ ವೃತ್ತ ಅದಕ್ಕಿಂತ 2–3 ಮಿಮೀ ಮಾತ್ರ ದೊಡ್ಡದಿರಬೇಕು. ಬುಡ 28 ಮಿಮೀ ಇದ್ದರೆ 30 ಅಥವಾ 31ಕ್ಕೆ ಕತ್ತರಿಸಿ. ಜಾಸ್ತಿ ಕತ್ತರಿಸಿದರೆ ನಡುವೆ ಚರ್ಮ ತೆರೆದುಕೊಳ್ಳುತ್ತದೆ. ಇಲಿಯಾಸ್ಟಮಿಯ ಸ್ರಾವದಲ್ಲಿ ಜೀರ್ಣರಸದ ಕಿಣ್ವಗಳಿರುವುದರಿಂದ ಕೆಲವೇ ಗಂಟೆಗಳಲ್ಲಿ ಅಲ್ಲಿ ಕೆಂಪು, ಆಮೇಲೆ ಹುಣ್ಣು; ಹುಣ್ಣಿನ ಒದ್ದೆಗೆ ಮುಂದಿನ ಫ್ಲೇಂಜ್ ಅಂಟುವುದಿಲ್ಲ, ಮತ್ತೆ ಸೋರುತ್ತದೆ. ತೀರ ಬಿಗಿಯಾಗಿ ಕತ್ತರಿಸಿದರೆ ಅಂಚು ಕರುಳನ್ನು ಉಜ್ಜಿ ಗಾಯ ಮಾಡುತ್ತದೆ. ಸ್ಟೋಮಾದಲ್ಲಿ ನೋವಿನ ನರಗಳಿಲ್ಲ, ಹಾಗಾಗಿ ರೋಗಿಗೆ ತಿಳಿಯುವುದೇ ಇಲ್ಲ, ಕಣ್ಣಿನಿಂದಲೇ ನೋಡಬೇಕು.

ಶಸ್ತ್ರಕ್ರಿಯೆಯಾದ ಮೇಲೆ 6–8 ವಾರ ಬಾವು ಇಳಿಯುತ್ತಾ ಸ್ಟೋಮಾ ಕಿರಿದಾಗುತ್ತದೆ. ಆ ಅವಧಿಯಲ್ಲಿ ವಾರಕ್ಕೊಮ್ಮೆಯಾದರೂ ಹೊಸದಾಗಿ ಅಳೆಯಿರಿ. ಮೊದಲ ವಾರದ ಕಾಗದದ ಅಚ್ಚನ್ನೇ ಇಟ್ಟುಕೊಂಡು ಕತ್ತರಿಸುತ್ತಾ ಹೋಗುವುದರಿಂದಲೇ ಎಷ್ಟೋ ಚರ್ಮ ಸುಡುತ್ತದೆ. ಸುತ್ತಲಿನ ಚರ್ಮವನ್ನು ಬೆಚ್ಚನೆಯ ನೀರಿನಿಂದ ಒರೆಸಿ ಪೂರ್ತಿ ಒಣಗಿಸಿದರೆ ಸಾಕು. ಎಣ್ಣೆ, ಕ್ರೀಂ ಹಚ್ಚಿದರೆ ಅಂಟು ಹಿಡಿಯದು. ಚೀಲ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು, ಭಾರ ಹೆಚ್ಚಾದರೆ ಫ್ಲೇಂಜನ್ನೇ ಎಳೆಯುತ್ತದೆ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಬಣ್ಣ ಕಡುನೇರಳೆ ಅಥವಾ ಕಪ್ಪಾದರೆ ರಕ್ತ ಸಂಚಾರ ನಿಂತಿರಬಹುದು, ಶಸ್ತ್ರಚಿಕಿತ್ಸಕರಿಗೆ ಕೂಡಲೇ ತಿಳಿಸಬೇಕು. ಇಲಿಯಾಸ್ಟಮಿಯಿಂದ ದಿನಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ಹೋಗುತ್ತಿದ್ದರೂ ಹಾಗೆಯೇ. ನೀರು, ಸೋಡಿಯಂ ಎರಡೂ ಬೇಗ ಬರಿದಾಗುತ್ತವೆ.

ಇಂಗ್ಲಿಷಿನ ವೈದ್ಯಕೀಯ ಬರಹಗಳಲ್ಲಿ ಬಹುವಚನಕ್ಕೆ ಸ್ಟೊಮಾಟಾ ಜತೆ ಸ್ಟೋಮಾಸ್ ಕೂಡ ಧಾರಾಳವಾಗಿ ಬಳಕೆಯಲ್ಲಿದೆ. ಕನ್ನಡಕ್ಕೆ ಸ್ಟೋಮಾಗಳು ಸರಿಹೋಗುತ್ತದೆ. ‘ಕೃತಕ ಗುದದ್ವಾರ’ ಅಂತ ಮಾತ್ರ ಬರೆಯಬೇಡಿ. ಯೂರಾಸ್ಟಮಿಗೆ ಅದು ಸುಳ್ಳು, ಉಳಿದವಕ್ಕೂ ದಾರಿ ತಪ್ಪಿಸುತ್ತದೆ: ಗುದದಲ್ಲಿ ಬಿಗಿಹಿಡಿಯುವ ಸ್ನಾಯು ಇದೆ, ಸ್ಟೋಮಾದಲ್ಲಿ ಇಲ್ಲ. ಚೀಲ ಬೇಕಾಗುವುದೇ ಅದಕ್ಕೆ.

ಕರಡುತಿದ್ದು

ಎಲ್ಲರಿಗೂ ಧನ್ಯವಾದ. ಕರಡು ಹೀಗಿದೆ, ಎಲ್ಲಿ ತಪ್ಪಿದೆ ನೋಡಿ:

‘ಸ್ಟೋಮಾ (ಬಹುವಚನ: ಸ್ಟೋಮಾಗಳು, ಸ್ಟೊಮಾಟಾ) 1. ಸಸ್ಯ: ಎಲೆಯ ಕೆಳಮೈಯಲ್ಲಿರುವ, ಎರಡು ಕಾವಲು ಕೋಶಗಳ ನಡುವಿನ ರಂಧ್ರ, ಇದರ ಮೂಲಕ ಅನಿಲ ವಿನಿಮಯ ಮತ್ತು ಬಾಷ್ಪವಿಸರ್ಜನೆ ನಡೆಯುತ್ತದೆ, ಹಗಲು ತೆರೆದು ರಾತ್ರಿ ಮುಚ್ಚುತ್ತದೆ. 2. ಶಸ್ತ್ರಚಿಕಿತ್ಸೆ: ಹೊರತಂದು ಚರ್ಮಕ್ಕೆ ಹೊಲಿದ ಕರುಳಿನ ತುದಿ.’

ಕಾವಲುಕೋಶ

ಎರಡನೆಯದಕ್ಕೆ ‘ಅಥವಾ ಇತರ ಟೊಳ್ಳು ಅಂಗದ ಬಾಯಿ’ ಸೇರಿಸಿ, ಕತ್ತಿನಲ್ಲಿ ಶ್ವಾಸನಾಳಕ್ಕೆ ಮಾಡುವ ಟ್ರಾಕಿಯಾಸ್ಟಮಿಯೂ ಅದರೊಳಗೆ ಬರಲಿ. ‘ತುದಿ’ಯ ಬದಲು ‘ಭಾಗ’ ಎನ್ನಿ, ಲೂಪ್ ಸ್ಟೋಮಾದಲ್ಲಿ ಹೊರಬರುವುದು ತುದಿಯಲ್ಲ.

ಮೊದಲನೆಯದರಲ್ಲಿ ಮೂರು ಕಡೆ ಕತ್ತರಿ ಆಡಬೇಕು.

‘ಎಲೆಯ ಕೆಳಮೈ’ ತೆಗೆಯಿರಿ. ಹೆಚ್ಚಿನ ಮರಗಳಿಗೆ ಅದು ನಿಜ. ಹುಲ್ಲು, ಜೋಳದಂಥವುಗಳಲ್ಲಿ ಎರಡೂ ಮೈಯಲ್ಲಿ ಇರುತ್ತವೆ. ನೀರಿನ ಮೇಲೆ ತೇಲುವ ನೈದಿಲೆಯ ಎಲೆಯಲ್ಲಿ ಮೇಲ್ಮೈಯಲ್ಲಿ ಮಾತ್ರ, ಕೆಳಗೆ ಗಾಳಿ ಎಲ್ಲಿಂದ ಬರಬೇಕು? ಎಳೆಯ ಕಾಂಡ, ಪುಷ್ಪಪತ್ರ, ಹಾವಸೆಯ ಬೀಜಕಕೋಶದ ಮೇಲೂ ಸ್ಟೋಮಾಗಳಿವೆ. ಹಾಗೆ ನೋಡಿದರೆ ‘ಪತ್ರ’ರಂಧ್ರ ಎಂಬ ಹೆಸರೇ ಕಿರಿದು, ಆದರೆ ಅಷ್ಟು ಬಳಕೆಗೆ ಬಂದ ಪದವನ್ನು ಬಿಡಲಾಗದು. ‘ಮುಖ್ಯವಾಗಿ ಎಲೆಯ ಹೊರಪದರದಲ್ಲಿ’ ಅಂದರೆ ಆಯಿತು. ಲಿವರ್‌ವರ್ಟ್ ಗುಂಪಿನ ಮಾರ್ಕಾಂಷಿಯಾದ ಮೇಲೆ ಕಾಣುವ ಗಾಳಿತೂತುಗಳು ಸ್ಟೋಮಾಗಳಲ್ಲ, ಅವಕ್ಕೆ ತೆರೆದು ಮುಚ್ಚುವ ಕಾವಲು ಕೋಶಗಳಿಲ್ಲ. ತೊಗಟೆಯ ಮೇಲಿನ ಲೆಂಟಿಸೆಲ್‌ಗಳೂ ಅಷ್ಟೆ.

‘ನಡುವಿನ ರಂಧ್ರ’ ಎಂಬುದನ್ನು ‘ಎರಡು ಕಾವಲು ಕೋಶಗಳು ಮತ್ತು ಅವುಗಳ ನಡುವಿನ ಸೀಳು, ಕೆಲವರ ಬಳಕೆಯಲ್ಲಿ ಸೀಳು ಮಾತ್ರ’ ಎಂದು ಬಿಡಿಸಿ.

‘ಹಗಲು ತೆರೆದು ರಾತ್ರಿ ಮುಚ್ಚುತ್ತದೆ’ ಎಂಬುದರ ಹಿಂದೆ ‘ಬಹುಪಾಲು ಸಸ್ಯಗಳಲ್ಲಿ’ ಅಂತ ಹಾಕಿ. ಕಳ್ಳಿ, ಅನಾನಸ್‌ನಂಥವು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲು ಬಾಯಿ ಮುಚ್ಚಿಕೊಂಡೇ ಬಳಸುತ್ತವೆ. ಇನ್ನೊಂದು ಬಗೆ ಮುಚ್ಚುವುದೇ ಇಲ್ಲ: ಎಲೆಯಂಚಿನಲ್ಲಿ, ನರದ ಕೊನೆಯಲ್ಲಿರುವ ನೀರುರಂಧ್ರಗಳು. ಬೆಳಗಿನ ಜಾವ ಎಲೆಯ ತುದಿಯಲ್ಲಿ ಸಾಲಾಗಿ ನಿಂತ ಹನಿಗಳು ಅಲ್ಲಿಂದ ಬಂದವಾಗಿರಬಹುದು. ನಲವತ್ತರ_ಲೆನ್ಸ್ ಅವರು ಅಂಚು ಬಿಟ್ಟು ಬಳಿಯಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಮುದ್ರಣಕ್ಕೆ ಹೋಗುವ ಮೊದಲು ‘ಸ್ಟ್ರೋಮಾ’ ಅಂತ ಒಮ್ಮೆ ಹುಡುಕಿ ನೋಡಿ. ಕ್ಲೋರೋಪ್ಲಾಸ್ಟಿನ ಒಳದ್ರವಕ್ಕೆ ಸ್ಟ್ರೋಮಾ ಅನ್ನುತ್ತಾರೆ. ಅಂಗಾಂಗಗಳ ಆಧಾರ ಅಂಗಾಂಶಕ್ಕೂ ಅದೇ ಹೆಸರು, ಬಹುವಚನ ಸ್ಟ್ರೊಮಾಟಾ. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ, ಒಂದು ಒತ್ತಕ್ಷರ ಬಿದ್ದುಹೋದರೆ ಇಂಗಾಲದ ಸ್ಥಿರೀಕರಣ ಕ್ಲೋರೋಪ್ಲಾಸ್ಟಿನಿಂದ ಎದ್ದು ಎಲೆಯ ಬಾಯಿಗೆ ಬಂದು ಕೂರುತ್ತದೆ.

ನಲವತ್ತರ_ಲೆನ್ಸ್

ತೆರೆಯುವುದು, ಮುಚ್ಚುವುದನ್ನು ಕಣ್ಣಾರೆ ತೋರಿಸುವ ಚಟುವಟಿಕೆಯೂ ಬೇಕಿದ್ದರೆ ಅಚ್ಚು ಬಿಟ್ಟು ಜೀವಂತ ಸಿಪ್ಪೆಗೆ ಬನ್ನಿ. ರಿಯೋ ಗಿಡದ ನೇರಳೆ ಬಣ್ಣದ ಕೆಳಮೈ ಇದಕ್ಕೆ ಹೇಳಿಮಾಡಿಸಿದ್ದು: ಸುತ್ತಲಿನ ಕೋಶಗಳು ನೇರಳೆ, ಕಾವಲು ಕೋಶಗಳು ಹಸಿರು, ಬಣ್ಣ ಹಾಕುವ ಗೋಜೇ ಇಲ್ಲ. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ತೆಳು ಪೊರೆ ಉಳಿಯುತ್ತದೆ. ಅದನ್ನು ಕತ್ತರಿಸಿ ನೀರಿನಲ್ಲಿ ಹರಡಿ ಕವರ್‌ಸ್ಲಿಪ್ ಇಡಿ. ತೆರೆದ ಸ್ಟೋಮಾವೊಂದನ್ನು ಫೋಕಸ್ ಮಾಡಿಕೊಂಡು, ಕವರ್‌ಸ್ಲಿಪ್ಪಿನ ಒಂದು ಪಕ್ಕಕ್ಕೆ ಶೇ. 5ರ ಉಪ್ಪುನೀರು ಒಂದು ಹನಿ ಹಾಕಿ, ಎದುರು ಪಕ್ಕದಲ್ಲಿ ಫಿಲ್ಟರ್ ಪೇಪರಿನಿಂದ ಹೀರಿ. ಕೆಲವು ನಿಮಿಷಗಳಲ್ಲಿ ಸೀಳು ಮುಚ್ಚುತ್ತದೆ. ಎಲೆಯನ್ನು ಬೆಳಕಿನಲ್ಲಿ, ನೀರುಂಡ ಗಿಡದಿಂದಲೇ ತೆಗೆಯಿರಿ; ಬಾಡಿದ್ದರೆ ಮೊದಲೇ ಎಲ್ಲ ಮುಚ್ಚಿರುತ್ತವೆ, ತೋರಿಸಲು ಏನೂ ಉಳಿಯುವುದಿಲ್ಲ.